ಫ್ರೆಂಚ್ ಕಲಿಯುವವಳ ಭಾನುವಾರ

ಭಾನುವಾರ ಬೆಳಗಿನ ಆರು ಗಂಟೆಗೆ ನಮ್ಮ ಮನೆಯಲ್ಲಿ ಮೊದಲು ಏಳುವ ಧ್ವನಿ ಕನ್ನಡದ್ದಲ್ಲ. ಅಡಿಗೆಮನೆಯಲ್ಲಿ ಕಾಫಿಯ ಡಿಕಾಕ್ಷನ್ ಇಳಿಯುತ್ತಿರುವಾಗಲೇ ನಡುಮನೆಯ ಕಿಟಕಿಯ ಬಳಿಯಿಂದ ನನ್ನ ಮಗಳ ಕಂಠ ಕೇಳಿಬರುತ್ತದೆ: ‘ಜ ಪಾರ್ಲ್, ತ್ಯು ಪಾರ್ಲ್, ಇಲ್ ಪಾರ್ಲ್, ನೂ ಪಾರ್ಲೋಂ, ವೂ ಪಾರ್ಲೇ, ಇಲ್ ಪಾರ್ಲ್.’ ಮಾತನಾಡುತ್ತೇನೆ, ಮಾತನಾಡುತ್ತೀಯೆ, ಮಾತನಾಡುತ್ತಾನೆ ಎಂದು ಮೂರು ಪುರುಷಗಳಲ್ಲಿ, ಎರಡು ವಚನಗಳಲ್ಲಿ ನಡೆಯುವ ಕ್ರಿಯಾಪದದ ಪಠಣ ಅದು. ಮೊದಲ ಸಲ ಇದನ್ನು ಕೇಳಿದ ನನ್ನ ತಾಯಿ, ಮೊಮ್ಮಗಳು ಯಾವುದೋ ಹೊಸ ಸ್ತೋತ್ರವನ್ನು ಬಾಯಿಪಾಠ ಮಾಡುತ್ತಿರುವಳೆಂದು ಬಗೆದು, ಮುಗಿಯುವವರೆಗೆ ಸುಮ್ಮನೆ ನಿಂತಿದ್ದು ಕೈಮುಗಿದು ಒಳಕ್ಕೆ ಹೋದರು. ತಿಳಿಸಿ ಹೇಳಿದ ಮೇಲೆ ಅವರಿಗೇನೂ ನಿರಾಶೆಯಾಗಲಿಲ್ಲ. “ಇಷ್ಟು ಸಲ ಹೇಳಿದರೆ ಯಾವ ದೇವರಾದರೂ ಒಲಿದಾನು, ಬಿಡು” ಎಂದರು.

ನಾನು ಅಷ್ಟು ಸುಲಭವಾಗಿ ಕೈಮುಗಿಯಲಾರದೆ ಹೋದೆ. ಇಪ್ಪತ್ತು ವರ್ಷಗಳಿಂದ ಕಾಲೇಜಿನಲ್ಲಿ ಕನ್ನಡ ಹೇಳಿಕೊಡುತ್ತ ಬಂದವನು ನಾನು. ನನ್ನ ಮಗಳು ಹತ್ತನೆಯ ತರಗತಿ ಮುಗಿಸಿ ಪಿಯುಸಿಗೆ ಸೇರುವಾಗ, ಭಾಷೆಯ ಅಂಕಣದಲ್ಲಿ ಕನ್ನಡವನ್ನು ಬಿಟ್ಟು ಫ್ರೆಂಚನ್ನು ಬರೆದುಬಂದಳು. ಕಾರಣ ಕೇಳಿದರೆ ಒಂದೇ ಮಾತು: “ಅದರಲ್ಲಿ ಅಂಕ ಬರುತ್ತದೆ, ಅಪ್ಪ.” ಆ ವರ್ಷ ಅಧ್ಯಾಪಕರ ಕೊಠಡಿಯಲ್ಲಿ ನಾನು ಕೇಳಿದ ಪರಿಹಾಸ್ಯಗಳನ್ನು ಇಲ್ಲಿ ಬರೆಯುವುದು ಬೇಡ. ವೈದ್ಯನ ಮನೆಯವರು ಮಂತ್ರವಾದಿಯ ಬಳಿಗೆ ಹೋದರೆ ವೈದ್ಯನಿಗೆ ಏನಾಗುವುದೋ ಅದು ನನಗಾಯಿತು ಎಂದರೆ ಸಾಕು.

ಎರಡು ವರ್ಷ ಕಳೆದು ಫಲಿತಾಂಶ ಬಂತು. ಫ್ರೆಂಚಿನಲ್ಲಿ ನೂರಕ್ಕೆ ತೊಂಬತ್ತೇಳು. ಸಿಹಿ ಹಂಚಿದ್ದಾಯಿತು. ಅಂದು ಸಂಜೆ, ಸ್ವಲ್ಪ ಕುಹಕದಿಂದಲೇ ಎಂದು ಒಪ್ಪಿಕೊಳ್ಳುತ್ತೇನೆ, “ತೊಂಬತ್ತೇಳು ಎಂಬುದನ್ನು ಫ್ರೆಂಚಿನಲ್ಲಿ ಹೇಳು ನೋಡೋಣ” ಎಂದೆ. ತಡವರಿಸಿದಳು. ಅವರ ಲೆಕ್ಕ ವಿಚಿತ್ರವಾದದ್ದು: ಎಪ್ಪತ್ತಕ್ಕೆ ಅರವತ್ತು-ಹತ್ತು ಎನ್ನುತ್ತಾರೆ, ಎಂಬತ್ತಕ್ಕೆ ನಾಲ್ಕು ಇಪ್ಪತ್ತುಗಳು ಎನ್ನುತ್ತಾರೆ, ತೊಂಬತ್ತೇಳು ಎಂದರೆ ನಾಲ್ಕಿಪ್ಪತ್ತು-ಹದಿನೇಳು. ನೆರೆಯ ಬೆಲ್ಜಿಯಂ, ಸ್ವಿಟ್ಸರ್ಲೆಂಡುಗಳ ಫ್ರೆಂಚ್ ಜನ ಈ ಗೋಜಲನ್ನು ಬಿಟ್ಟು ಎಪ್ಪತ್ತಕ್ಕೂ ತೊಂಬತ್ತಕ್ಕೂ ಬೇರೆ ಪದಗಳನ್ನೇ ಇಟ್ಟುಕೊಂಡಿದ್ದಾರೆ. ಪ್ಯಾರಿಸ್ಸಿನವರು ಮಾತ್ರ ಬಿಡಲೊಲ್ಲರು. ತಾನು ಗಳಿಸಿದ ಅಂಕವನ್ನು ತಾನು ಗಳಿಸಿದ ಭಾಷೆಯಲ್ಲಿ ಹೇಳಲಾರದೆ ಹೋದ ಮಗಳು ಅಂದು ರಾತ್ರಿ ಊಟಕ್ಕೆ ಏಳಲಿಲ್ಲ. ಮರುವಾರವೇ, ಪದವಿ ತರಗತಿಗೆ ಸೇರುವುದಕ್ಕೂ ಮೊದಲು, ಭಾನುವಾರದ ಫ್ರೆಂಚ್ ಶಾಲೆಗೆ ಹೆಸರು ಬರೆಯಿಸಿದಳು; ಅದೂ ಮೊದಲನೆಯ ಮೆಟ್ಟಿಲಿನಿಂದ. ನನ್ನ ಕುಹಕದಿಂದ ಲೋಕದಲ್ಲಿ ಒಳ್ಳೆಯದಾದದ್ದು ಅದೊಂದೇ ಸಲ.

ಮೆಟ್ಟಿಲು ಎಂದದ್ದು ಅಲಂಕಾರಕ್ಕಲ್ಲ. ಯೂರೋಪಿನವರು ಭಾಷೆಯ ಕಲಿಕೆಗೆ ಆರು ಮೆಟ್ಟಿಲುಗಳನ್ನು ಕಟ್ಟಿದ್ದಾರೆ: ಎ1, ಎ2, ಬಿ1, ಬಿ2, ಸಿ1, ಸಿ2. ನನ್ನ ಮಗಳು ಈಗ ಮೂರನೆಯದರಲ್ಲಿ ನಿಂತಿದ್ದಾಳೆ. 1883ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಅಲಿಯಾನ್ಸ್ ಫ್ರಾನ್ಸೇಸ್ ಬೆಂಗಳೂರಿನಲ್ಲಿಯೂ ಇದೆ. ಅದಲ್ಲದೆ ಊರಿನ ನಾನಾ ಬಡಾವಣೆಗಳಲ್ಲಿ ಸಣ್ಣಪುಟ್ಟ ಶಾಲೆಗಳೂ ಇವೆ. ನನ್ನ ಮಗಳು ಹೋಗುವುದು ಯಾವುದಕ್ಕೆ ಎಂಬುದು ವಾಚಕರಿಗೆ ಅಷ್ಟು ಮುಖ್ಯವಲ್ಲ.

ಕಳೆದ ತಿಂಗಳ ಒಂದು ಭಾನುವಾರ ನಾನೂ ಅವಳ ಜೊತೆಗೆ ಹೊರಟೆ. ಮೌಲ್ಯಮಾಪನಕ್ಕೆ ಬಂದಿದ್ದ ಉತ್ತರಪತ್ರಿಕೆಗಳ ಒಂದು ಕಟ್ಟು ಕೈಯಲ್ಲಿತ್ತು. ಮನೆಯಲ್ಲಿ ಕುಳಿತು ತಿದ್ದುವುದನ್ನು ಎಲ್ಲಿಯಾದರೂ ಮರದ ನೆರಳಿನಲ್ಲಿ ಕುಳಿತು ತಿದ್ದಿದರಾಯಿತೆಂಬುದು ನೆಪ. ಅವಳ ಭಾನುವಾರ ಹೇಗೆ ಕಳೆಯುತ್ತದೆಂಬುದನ್ನು ಕಣ್ಣಾರೆ ನೋಡಬೇಕೆಂಬುದು ನಿಜ. ಹನುಮಂತನಗರದಲ್ಲಿ ಶಿವಾಜಿನಗರದ ಬಸ್ಸು ಹತ್ತಿದೆವು. 2023ರಿಂದ ನಮ್ಮ ರಾಜ್ಯದ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಹಣವಿಲ್ಲದ ಪ್ರಯಾಣ; ಆದ್ದರಿಂದ ನನಗೆ ಹಣದ ಚೀಟಿ, ಅವಳಿಗೆ ಶೂನ್ಯದ ಚೀಟಿ. ಶೂನ್ಯದ ಚೀಟಿಯ ಬೆನ್ನಮೇಲೆ ಅವಳು ಅಂದಿನ ಪದಗಳನ್ನು ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಾಳೆ. ಅವಳ ಪುಸ್ತಕಗಳ ನಡುವೆ ಇಂಥ ಚೀಟಿಗಳು ನೂರಾರು ಇವೆ.

ಬಸ್ಸಿನಲ್ಲಿ ಅವಳು ಮಾಡುವ ಅಭ್ಯಾಸ ಲಿಂಗದ್ದು. ಫ್ರೆಂಚಿನಲ್ಲಿ ನಪುಂಸಕಲಿಂಗವೇ ಇಲ್ಲ. ಮೇಜು ಹೆಣ್ಣು, ಪುಸ್ತಕ ಗಂಡು. ಸೂರ್ಯ ಗಂಡು, ಚಂದ್ರ ಹೆಣ್ಣು. ಕಾವಲುಗಾರ ಮೀಸೆ ಹೊತ್ತ ಗಂಡಸೇ ಆಗಿದ್ದರೂ ಅವನನ್ನು ಹೇಳುವ ‘ಸಾಂತಿನೆಲ್’ ಎಂಬ ಪದ ಸ್ತ್ರೀಲಿಂಗ. “ಇದಕ್ಕೆ ಏನಾದರೂ ತರ್ಕವಿದೆಯೆ ಅಪ್ಪ?” ಎಂದು ಕೇಳಿದಳು. ತರ್ಕವಿಲ್ಲ. ಆದರೆ ಸಂಸ್ಕೃತ ಓದಿದವರಿಗೆ ಇದರಲ್ಲಿ ಸೋಜಿಗವೂ ಇಲ್ಲ. ಅಲ್ಲಿ ಹೆಂಡತಿಯನ್ನು ಹೇಳುವ ‘ದಾರ’ ಪುಲ್ಲಿಂಗ, ಅದೇ ಹೆಂಡತಿಯನ್ನು ಹೇಳುವ ‘ಕಳತ್ರ’ ನಪುಂಸಕ. ಇನ್ನು ಕನ್ನಡ. ಅರ್ಥವನ್ನು ನೋಡಿ ಲಿಂಗವನ್ನು ಹೇಳುವ ವಿವೇಕ ನಮ್ಮದೆಂದು ನಾವು ತರಗತಿಯಲ್ಲಿ ಹೆಮ್ಮೆಪಡುತ್ತೇವೆ. ಹಾಗಿದ್ದರೂ ಮನೆಯ ಕೂಸು ಅಳುವಾಗ ‘ಮಗು ಅತ್ತಿತು’ ಎನ್ನುತ್ತೇವೆ. ಸೂರ್ಯನನ್ನು ‘ಮೂಡಿದನು’ ಎಂದೂ ‘ಮೂಡಿತು’ ಎಂದೂ ಹೇಳಿ, ಅದಕ್ಕೆ ಪುನ್ನಪುಂಸಕಲಿಂಗವೆಂಬ ಹೆಸರು ಕೊಟ್ಟು ಸಮಾಧಾನಪಡುತ್ತೇವೆ. ಹೆತ್ತ ಮಗುವನ್ನೇ ನಪುಂಸಕದಲ್ಲಿ ಕೂರಿಸಿದ ನಾವು, ಮೇಜನ್ನು ಹೆಣ್ಣು ಮಾಡಿದವರನ್ನು ನೋಡಿ ನಗುವುದು ಹೇಗೆ? ಈ ಮಾತು ಹೇಳಿದಾಗ ಮಗಳು ಬಸ್ಸಿನಲ್ಲಿಯೇ ಗಟ್ಟಿಯಾಗಿ ನಕ್ಕಳು. ನನ್ನ ವ್ಯಾಕರಣ ಅವಳನ್ನು ನಗಿಸಿದ್ದು ನನಗೆ ನೆನಪಿರುವಮಟ್ಟಿಗೆ ಅದೇ ಮೊದಲು.

ಶಿವಾಜಿನಗರದಲ್ಲಿ ಇಳಿದು ವಸಂತನಗರದ ಕಡೆಗೆ ಇಪ್ಪತ್ತು ನಿಮಿಷದ ನಡಿಗೆ. ತರಗತಿಯಲ್ಲಿ ಹದಿನಾಲ್ಕು ಜನ. ಬಾಗಿಲಲ್ಲಿ ಪರಿಚಯ ಮಾಡಿಸಿದಳು. ಕೆನಡಾಕ್ಕೆ ವಲಸೆ ಹೋಗಬೇಕೆಂದಿರುವ ದಂಪತಿಗಳಿದ್ದರು. ಆ ದೇಶದ ವಲಸೆಯ ಲೆಕ್ಕದಲ್ಲಿ ಫ್ರೆಂಚ್ ಬಲ್ಲವರಿಗೆ ಹೆಚ್ಚಿನ ಅಂಕಗಳಿವೆಯಂತೆ. ಫ್ರಾನ್ಸಿನಲ್ಲಿ ಮುಂದಿನ ಓದಿಗೆ ಹೋಗುವ ಇಬ್ಬರು, ಕಚೇರಿಯಲ್ಲಿ ಭಾಷೆ ಕಲಿತರೆ ಭತ್ಯ ದೊರೆಯುವುದೆಂದು ಬಂದ ನಾಲ್ವರು, ನಿವೃತ್ತರಾದ ಬ್ಯಾಂಕಿನ ಹಿರಿಯರೊಬ್ಬರು. ಈ ಹಿರಿಯರೊಬ್ಬರೇ ಯಾವ ಪ್ರಯೋಜನವನ್ನೂ ಬಯಸದೆ ಬಂದವರು. ಆದ್ದರಿಂದಲೇ ಎಲ್ಲರಿಗಿಂತ ಚೆನ್ನಾಗಿ ಕಲಿಯುತ್ತಿದ್ದಾರೆಂದು ಮಗಳ ಅಭಿಪ್ರಾಯ. ಉಚ್ಚಾರಣೆಯಲ್ಲಿ ಮಾತ್ರ ಮಂಗಳೂರಿನ ಒಬ್ಬ ಹುಡುಗನನ್ನು ಹಿಡಿಯುವವರಿಲ್ಲ. ಮನೆಮಾತು ಕೊಂಕಣಿ. ಫ್ರೆಂಚಿನ ಮೂಗಿನ ಸ್ವರಗಳಿಗಾಗಿ ಉಳಿದವರು ವಾರಗಟ್ಟಲೆ ಹೆಣಗಿದರೆ, ತಾಯಿಯ ಮಾತಿನಲ್ಲಿಯೇ ಅಂಥ ಸ್ವರಗಳಿರುವ ಅವನು ಮೊದಲ ದಿನವೇ ಸರಾಗವಾಗಿ ನುಡಿದುಬಿಟ್ಟನಂತೆ. ಕೊಂಕಣಿಯನ್ನು ಅವನು ಆ ತನಕ ಒಂದು ವಿದ್ಯೆಯೆಂದು ಎಣಿಸಿರಲಿಲ್ಲ.

ತರಗತಿಯ ಹೊರಗೆ ಒಂದು ಮಾವಿನ ಮರ. ಅದರ ಕೆಳಗೆ ಕಲ್ಲಿನ ಆಸನ. ಅಲ್ಲಿ ಕುಳಿತು ಕಟ್ಟನ್ನು ಬಿಚ್ಚಿದೆ. ಕಿಟಕಿ ತೆರೆದಿತ್ತು. ಪಾಠದ ಮಾತುಗಳೆಲ್ಲ ಕೇಳಿಸುತ್ತಿದ್ದವು. ಅಧ್ಯಾಪಕಿ ಬಲು ಶ್ರದ್ಧಾವಂತೆ. ಆದಷ್ಟೂ ಫ್ರೆಂಚಿನಲ್ಲಿಯೇ ಮಾತನಾಡುತ್ತಿದ್ದಳು. ವಿದ್ಯಾರ್ಥಿಗಳಿಗೆ ತಿಳಿಯದೆಹೋದಾಗ ವಿವರಣೆ ಇಂಗ್ಲಿಷಿಗೆ ಇಳಿಯುತ್ತಿತ್ತು. ನಾನು ಈ ಲೇಖನವನ್ನು ಬರೆಯಲು ಕಾರಣವಾದದ್ದು ಆ ಇಳಿಜಾರು.

ಅಂದಿನ ವಿವರಣೆಗಳಲ್ಲಿ ಮೂರನ್ನು ಹೇಳುತ್ತೇನೆ. ಮೊದಲನೆಯದು ‘ತ್ಯು’ ಮತ್ತು ‘ವೂ’ ಎಂಬ ಎರಡು ಸರ್ವನಾಮಗಳು. ಯಾರನ್ನು ‘ತ್ಯು’ ಎನ್ನಬೇಕು, ಯಾರನ್ನು ‘ವೂ’ ಎನ್ನಬೇಕು, ಪರಿಚಯ ಬೆಳೆದಾಗ ಒಂದರಿಂದ ಇನ್ನೊಂದಕ್ಕೆ ಯಾವಾಗ ಹೊರಳಬೇಕು ಎಂಬುದನ್ನು ಆಕೆ ಇಂಗ್ಲಿಷಿನಲ್ಲಿ ಹತ್ತು ನಿಮಿಷ ವಿವರಿಸಿದಳು. ಎಲ್ಲರಿಗೂ ಒಂದೇ ‘ಯೂ’ ಇರುವ ಭಾಷೆಯಲ್ಲಿ ಇದನ್ನು ಹೇಳುವುದು, ಕಡಲನ್ನು ಕಾಣದವನಿಗೆ ಭರತ ಇಳಿತಗಳನ್ನು ತಿಳಿಸಿದಂತೆ. ಆ ಕೊಠಡಿಯಲ್ಲಿ ಕುಳಿತವರಲ್ಲಿ ಬಹುಮಂದಿ ನೀನು, ನೀವು ಎಂಬ ಎರಡು ಪದಗಳನ್ನು ಎರಡು ವರ್ಷದವರಿದ್ದಾಗಲೇ ಕಲಿತವರು. ಹೊಸ ಸೊಸೆ ಅತ್ತೆಯನ್ನು ಏನೆಂದು ಕರೆಯಬೇಕು, ಹಳೆಯ ಗೆಳೆಯ ಅಧಿಕಾರಿಯಾಗಿ ಬಂದರೆ ಅವನನ್ನು ಸಭೆಯಲ್ಲಿ ಏನೆನ್ನಬೇಕು, ಜಗಳದ ನಡುವೆ ‘ನೀವು’ ಎಂಬುದು ‘ನೀನು’ ಎಂದು ತಿರುಗಿದರೆ ಏನರ್ಥ, ಇದನ್ನೆಲ್ಲ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಫ್ರೆಂಚರ ರೂಢಿಯೂ ನಮ್ಮ ರೂಢಿಯೂ ಎಲ್ಲ ಕಡೆಯಲ್ಲಿಯೂ ಒಂದೇ ಅಲ್ಲ. ನಾವು ತಾಯಿಯನ್ನು ಏಕವಚನದಲ್ಲಿಯೂ ತಂದೆಯನ್ನು ಬಹುವಚನದಲ್ಲಿಯೂ ಕರೆಯುವ ಮನೆಗಳುಂಟು. ಆದರೂ ಹೊರಡುವುದಕ್ಕೆ ನೆಲ ಇತ್ತು. ಅದರ ಮೇಲೆ ಯಾರೂ ಕಾಲಿಡಲಿಲ್ಲ.

ಎರಡನೆಯದು ‘ತ್ಯು ಮ ಮಾಂಕ್’ ಎಂಬ ವಾಕ್ಯ. ಅಗಲಿದವರ ನೆನಪಾದಾಗ ಹೇಳುವ ಮಾತು. ಇಂಗ್ಲಿಷಿನಲ್ಲಾದರೆ ನಾನು ಕರ್ತೃ, ನೀನು ಕರ್ಮ. ಫ್ರೆಂಚಿನಲ್ಲಿ ನೀನು ಕರ್ತೃ. ನನಗೆ ನೀನು ಇಲ್ಲವಾಗಿದ್ದೀಯೆ ಎಂಬಂಥ ಕಟ್ಟು. ತಲೆಕೆಳಗು ಮಾಡಿ ಹೇಳಿರೆಂದು ಅಧ್ಯಾಪಕಿ ಉಪಾಯ ಹೇಳಿದಳು. ತಲೆಕೆಳಗಾದದ್ದು ಇಂಗ್ಲಿಷಿನಿಂದ ನೋಡಿದಾಗ ಮಾತ್ರ. ನನಗೆ ನಿನ್ನ ನೆನಪಾಗುತ್ತದೆ, ನನಗೆ ಹಸಿವಾಗುತ್ತದೆ, ನನಗೆ ಇದು ಬೇಕು ಎಂದು ಚತುರ್ಥಿ ವಿಭಕ್ತಿಯಲ್ಲಿಯೇ ಬದುಕನ್ನು ಅರ್ಧ ನಡೆಸುವ ಕನ್ನಡಿಗನಿಗೆ ಇದರಲ್ಲಿ ತಲೆ ಯಾವುದು, ಕೆಳಗು ಯಾವುದು? ‘ಇಲ್ ಮ ಫೋ’ ಎಂದರೆ ‘ನನಗೆ ಬೇಕು’ ಎಂದೇ. ಪದಕ್ಕೆ ಪದವಲ್ಲವಾದರೂ ಭಾವಕ್ಕೆ ಭಾವ, ವಿಭಕ್ತಿಗೆ ವಿಭಕ್ತಿ ಹೊಂದುತ್ತದೆ.

ಮೂರನೆಯದು ಒಂದು ಅಕ್ಷರ. ನನ್ನ ಮಗಳು ಮೇಜಿಗೆ ‘ಟಾಬ್ಲ್’ ಎಂದಳು. ಅಧ್ಯಾಪಕಿ ತಿದ್ದಿದಳು, ‘ತಾಬ್ಲ್’. ಮತ್ತೆ ‘ಟಾಬ್ಲ್’, ಮತ್ತೆ ತಿದ್ದುಪಡಿ. ಫ್ರೆಂಚಿನ ಆ ವ್ಯಂಜನ ನಮ್ಮ ದಂತ್ಯ ತಕಾರವೇ. ನಾಲಗೆ ಹಲ್ಲಿಗೆ ತಾಗುತ್ತದೆ. ಕ, ತ, ಪಗಳಲ್ಲಿ ಇಂಗ್ಲಿಷಿನವರಂತೆ ಉಸಿರನ್ನೂ ಊದುವುದಿಲ್ಲ. ತಾಯಿ ಎಂದು ಮೊದಲು ಕರೆದ ಬಾಯಿಗೆ ಆ ತಕಾರವನ್ನು ಹೊಸದಾಗಿ ಕಲಿಸಬೇಕಾಯಿತು. ಏಕೆಂದರೆ ಆ ಲಿಪಿಯನ್ನು ಅವಳು ನೋಡುವುದು ಇಂಗ್ಲಿಷಿನ ಕಣ್ಣಿನಿಂದ, ಅಲ್ಲಿ ಆ ಅಕ್ಷರ ಅವಳಿಗೆ ಟಕಾರ. ‘ತ್ಯು’ ಎಂಬಲ್ಲಿಯ ಸ್ವರವಾದರೋ ನಮ್ಮ ವರ್ಣಮಾಲೆಯಲ್ಲಿಯೂ ಇಲ್ಲ, ಇಂಗ್ಲಿಷಿನಲ್ಲಿಯೂ ಇಲ್ಲ. ತುಟಿಯನ್ನು ಉಕಾರಕ್ಕೆ ಮಡಿಸಿ ನಾಲಗೆಯನ್ನು ಇಕಾರಕ್ಕೆ ಇಡಬೇಕು. ಅದನ್ನು ಬೆವರು ಸುರಿಸಿ ಕಲಿಯಬೇಕು, ಸರಿ. ಮನೆಯಲ್ಲಿದ್ದದ್ದನ್ನು ಬೆವರು ಸುರಿಸಿ ಕೊಳ್ಳುವುದು ಏಕೆ?

ಇತ್ತ ನನ್ನ ಕೈಯಲ್ಲಿದ್ದ ಉತ್ತರಪತ್ರಿಕೆಗಳ ಕಥೆ ಬೇರೆ. ಪ್ರಶ್ನೆ: ‘ಲೋಪ, ಆಗಮ, ಆದೇಶ ಸಂಧಿಗಳನ್ನು ಉದಾಹರಣೆಯೊಡನೆ ವಿವರಿಸಿ.’ ಇಪ್ಪತ್ತಮೂರು ಪತ್ರಿಕೆಗಳಲ್ಲಿ ಇಪ್ಪತ್ತಮೂರೂ ಸಲ ಊರೂರು, ಮನೆಯನ್ನು, ಮಳೆಗಾಲ. ನಾವು ಕೊಟ್ಟ ಮೂರು ಉದಾಹರಣೆಗಳನ್ನು ಮೂರು ಕಲ್ಲುಗಳಂತೆ ನಮಗೇ ಹಿಂದಕ್ಕೆ ಎಸೆದಿದ್ದರು. ಇವರಲ್ಲಿ ಯಾರೊಬ್ಬರೂ ತಮ್ಮ ಬಾಯಿಂದ ದಿನಕ್ಕೆ ಸಾವಿರ ಸಲ ಹೊರಡುವ ಸಂಧಿಗಳನ್ನು ಕಿವಿಗೊಟ್ಟು ಕೇಳಿದವರಲ್ಲ. ಕೇಳಿರೆಂದು ನಾವು ಹೇಳಿಯೂ ಇಲ್ಲ. ಮಗಳು ಕನ್ನಡವನ್ನು ಬಿಟ್ಟದ್ದಕ್ಕೆ ನಾನು ಮಾಡಿದ ಕೋಪದಲ್ಲಿ ಒಂದು ಪಾಲು ನನ್ನ ಮೇಲೆಯೇ ಬರಬೇಕಾದದ್ದೆಂದು ಆ ಕಲ್ಲಿನ ಆಸನದ ಮೇಲೆ ಹೊಳೆಯಿತು. ಕೆಂಪು ಪೆನ್ನನ್ನು ಮುಚ್ಚಿಟ್ಟೆ.

ಹನ್ನೆರಡೂವರೆಗೆ ತರಗತಿ ಮುಗಿಯಿತು. ಹತ್ತಿರದ ದರ್ಶಿನಿಯೊಂದರಲ್ಲಿ ನಿಂತುಕೊಂಡೇ ದೋಸೆ ತಿನ್ನುತ್ತಿದ್ದಾಗ ಮಗಳು, ಇಂದು ಪದಗಳನ್ನು ಕೂಡಿಸಿ ಹೇಳುವ ನಿಯಮ ಕಲಿಸಿದರು, ಬಹಳ ತೊಡಕು ಎಂದಳು. ಯಾವ ನಿಯಮ ಎಂದೆ. ‘ಲ’ ಎಂಬುದರ ಮುಂದೆ ‘ಆಮಿ’ ಬಂದರೆ ನಡುವಣ ಸ್ವರ ಬಿದ್ದುಹೋಗಿ ‘ಲಾಮಿ’ ಆಗುತ್ತದೆ ಎಂದಳು. ‘ಆ’ ಎಂಬ ಕ್ರಿಯಾಪದದ ಮುಂದೆ ‘ಇಲ್’ ಬಂದಾಗ ಎರಡು ಸ್ವರಗಳು ಡಿಕ್ಕಿ ಹೊಡೆಯದಿರಲೆಂದು ಎಲ್ಲಿಂದಲೋ ಒಂದು ತಕಾರ ಬಂದು ‘ಆತಿಲ್’ ಆಗುತ್ತದೆ. ಒಂಬತ್ತಕ್ಕೆ ‘ನೆಫ್’, ಗಂಟೆಗೆ ‘ಎರ್’, ಒಂಬತ್ತು ಗಂಟೆ ಎಂದರೆ ಮಾತ್ರ ಫಕಾರ ವಕಾರವಾಗಿ ‘ನೆವೆರ್’.

ನಾನು ದೋಸೆಯನ್ನು ತಟ್ಟೆಯಲ್ಲಿಯೇ ಬಿಟ್ಟು ಕಟ್ಟಿನಿಂದ ಒಂದು ಉತ್ತರಪತ್ರಿಕೆಯನ್ನು ಎಳೆದು ತೋರಿಸಿದೆ. ಲೋಪ, ಆಗಮ, ಆದೇಶ. ಒಂದರ ಪಕ್ಕದಲ್ಲಿ ಒಂದು. ಅವಳು ಸ್ವಲ್ಪ ಹೊತ್ತು ಅದನ್ನೇ ನೋಡಿದಳು. “ಇದನ್ನು ಒಂಬತ್ತನೇ ತರಗತಿಯಲ್ಲಿ ಓದಿದ್ದೇನಲ್ಲ!” ಎಂದಳು. ಆಮೇಲೆ ಸ್ವಲ್ಪ ಕೋಪದಿಂದ, “ಯಾರೂ ಹೇಳಲಿಲ್ಲವಲ್ಲ!” ಎಂದಳು. ಫ್ರೆಂಚರ ಸಂಧಿಯ ಚರಿತ್ರೆ ಬೇರೆ, ನಮ್ಮದು ಬೇರೆ. ಎರಡು ಭಾಷೆಗಳಿಗೂ ಯಾವ ನೆಂಟಸ್ತಿಕೆಯೂ ಇಲ್ಲ ಎಂಬುದನ್ನು ಅವಳಿಗೆ ಎಚ್ಚರಿಸಿದೆ. ಎರಡು ಸ್ವರಗಳು ಎದುರುಬದುರಾದಾಗ ಮನುಷ್ಯನ ಬಾಯಿ ಎಲ್ಲಿಯಾದರೂ ಒಂದಿಷ್ಟೇ ಉಪಾಯಗಳನ್ನು ಹೂಡುತ್ತದೆ. ಆ ಉಪಾಯಗಳಿಗೆ ಹೆಸರಿಟ್ಟು ನಮ್ಮವರು ಕೇಶಿರಾಜನ ಕಾಲದಿಂದ, ಎಂದರೆ ಹದಿಮೂರನೆಯ ಶತಮಾನದಿಂದ, ಓದಿಕೊಂಡು ಬಂದಿದ್ದಾರೆ. ಆ ಹೆಸರುಗಳು ಈ ಹುಡುಗಿಯ ಚೀಲದಲ್ಲಿ ಇರಲಿಲ್ಲ. ಚೀಲವನ್ನು ನಾನು ನೋಡಿದ್ದೇನೆ: ಫ್ರಾನ್ಸಿನಲ್ಲಿ ಅಚ್ಚಾದ ಪಠ್ಯ, ಫ್ರೆಂಚ್-ಇಂಗ್ಲಿಷ್ ನಿಘಂಟು, ಇಂಗ್ಲಿಷಿನಲ್ಲಿ ಬರೆದುಕೊಂಡ ಟಿಪ್ಪಣಿ. ಬಸ್ಸಿನ ಚೀಟಿಯ ಮುಮ್ಮುಖವೊಂದನ್ನು ಬಿಟ್ಟರೆ ಅದರಲ್ಲಿ ಕನ್ನಡದ ಒಂದು ಅಕ್ಷರವಿಲ್ಲ.

ಮಧ್ಯಾಹ್ನದ ವಿಷಯ ಹೆಚ್ಚಿಲ್ಲ. ಊಟ, ನಿದ್ರೆ, ಬಟ್ಟೆ ಒಗೆಯುವುದು, ಗೆಳತಿಯ ದೂರವಾಣಿ. ನಾಲ್ಕು ಗಂಟೆಗೆ ಉಕ್ತಲೇಖನ. ಫೋನಿನಲ್ಲಿ ಒಂದು ಗಂಡಸಿನ ಧ್ವನಿ ವಾಕ್ಯಗಳನ್ನು ಓದುತ್ತದೆ, ಇವಳು ಬರೆಯುತ್ತಾಳೆ. ಫ್ರೆಂಚಿನಲ್ಲಿ ಬರೆದದ್ದೆಲ್ಲ ಓದುವುದಕ್ಕಲ್ಲ. ಬೆಳಗಿನ ಕ್ರಿಯಾಪದದ ಆರು ರೂಪಗಳಲ್ಲಿ ನಾಲ್ಕು ಕಿವಿಗೆ ಒಂದೇ, ಕಣ್ಣಿಗೆ ಮೂರು ಬಗೆ. 1857ರಲ್ಲಿ ಮೂರನೆಯ ನೆಪೋಲಿಯನ್ನನ ಆಸ್ಥಾನದಲ್ಲಿ ಪ್ರಾಸ್ಪೆರ್ ಮೆರಿಮೆ ಎಂಬ ಲೇಖಕ ಒಂದು ಉಕ್ತಲೇಖನವನ್ನು ಕೊಟ್ಟನೆಂದೂ, ಚಕ್ರವರ್ತಿ ಎಪ್ಪತ್ತೈದು ತಪ್ಪುಗಳನ್ನು ಮಾಡಿದನೆಂದೂ, ಹೊರನಾಡಿನವನಾದ ಆಸ್ಟ್ರಿಯದ ರಾಯಭಾರಿ ಮೂರೇ ತಪ್ಪು ಮಾಡಿದನೆಂದೂ ಹೇಳುತ್ತಾರೆ. ಅಂದು ನನ್ನ ಮಗಳದು ಹನ್ನೊಂದು. ಚಕ್ರವರ್ತಿಗಿಂತ ಮೇಲೆಂದು ಅವಳ ಅಜ್ಜಿ ಬೆನ್ನು ತಟ್ಟಿದರು.

ತಮ್ಮ ಭಾಷೆಯನ್ನು ಫ್ರೆಂಚರು ಸಾಕಿಕೊಂಡ ರೀತಿಯನ್ನು ಕಂಡು ನನ್ನಂಥವನಿಗೆ ಹೊಟ್ಟೆಕಿಚ್ಚು ಬರುತ್ತದೆ, ಸುಳ್ಳಾಡಲಾರೆ. 1635ರಲ್ಲಿ ಸ್ಥಾಪಿತವಾದ ಅವರ ಅಕಾಡೆಮಿ ಮೊದಲ ನಿಘಂಟನ್ನು 1694ರಲ್ಲಿ ಹೊರತಂದಿತು. ಒಂಬತ್ತನೆಯ ಆವೃತ್ತಿಯನ್ನು 2024ರಲ್ಲಿ ಮುಗಿಸಿತು. ನಮ್ಮ ಸಾಹಿತ್ಯ ಪರಿಷತ್ತು ಹುಟ್ಟಿದ್ದು 1915ರಲ್ಲಿ. ಅದರ ಕನ್ನಡ ನಿಘಂಟಿನ ಎಂಟು ಸಂಪುಟಗಳು ಪೂರ್ಣವಾದದ್ದು 1995ರಲ್ಲಿ. ಜಾಹೀರಾತು, ಕರಾರು, ಕೆಲಸದ ಕಾಗದಪತ್ರಗಳು ಫ್ರೆಂಚಿನಲ್ಲಿರಬೇಕೆಂದು ಅವರು 1994ರಲ್ಲಿ ಕಾನೂನನ್ನೇ ಮಾಡಿಕೊಂಡರು. ಹೀಗಿರಬೇಕು ಭಾಷಾಭಿಮಾನ ಎಂದು ನಾವು ವೇದಿಕೆಗಳ ಮೇಲೆ ಹೇಳುವುದುಂಟು, ನಾನೂ ಹೇಳಿದ್ದೇನೆ.

ಆದರೆ ಆ ಅಭಿಮಾನದ ಹಿಂಬದಿಯನ್ನೂ ನೋಡಬೇಕು. 1794ರಲ್ಲಿ, ಸ್ವಾತಂತ್ರ್ಯ ಸಮಾನತೆಗಳ ಘೋಷಣೆ ಇನ್ನೂ ಬಿಸಿಯಾಗಿದ್ದಾಗಲೇ, ಗ್ರೆಗ್ವಾರ್ ಎಂಬ ಪಾದ್ರಿ ದೇಶದ ನಾಡನುಡಿಗಳನ್ನು ನಿರ್ಮೂಲ ಮಾಡಬೇಕೆಂದು ಕ್ರಾಂತಿಯ ಸಭೆಗೆ ವರದಿ ಒಪ್ಪಿಸಿದ. ಕಡಮೆಯೆಂದರೂ ಅರವತ್ತು ಲಕ್ಷ ಫ್ರೆಂಚರಿಗೆ ಫ್ರೆಂಚೇ ತಿಳಿಯದೆಂಬುದು ಅವನ ದೂರು. ಮುಂದಿನ ಶತಮಾನದಲ್ಲಿ ಬ್ರಿಟನಿ ಪ್ರಾಂತದ ಶಾಲೆಗಳಲ್ಲಿ ಮನೆಮಾತಾದ ಬ್ರೆಟನ್ನನ್ನು ಆಡಿ ಸಿಕ್ಕಿಬಿದ್ದ ಮಗುವಿನ ಕೊರಳಿಗೆ ಮರದ ಚಪ್ಪಲಿಯಂಥ ಗುರುತೊಂದನ್ನು ನೇತುಹಾಕುತ್ತಿದ್ದರು. ಮತ್ತೊಂದು ಮಗು ಅದೇ ತಪ್ಪು ಮಾಡಿ ಸಿಕ್ಕುವವರೆಗೆ ಅದನ್ನು ಹೊತ್ತುಕೊಂಡಿರಬೇಕು. ದಕ್ಷಿಣದ ಪ್ರೊವಾನ್ಸದ ನುಡಿಯಲ್ಲಿ ಬರೆದ ಮಿಸ್ತ್ರಾಲ್ ಕವಿಗೆ 1904ರಲ್ಲಿ ನೊಬೆಲ್ ಬಹುಮಾನ ಬಂತು. ಆ ನುಡಿಯಾಡುವ ಮಕ್ಕಳಿಗೆ ಅದರಿಂದ ಶಾಲೆಯಲ್ಲಿ ರಿಯಾಯಿತಿಯೇನೂ ದೊರೆಯಲಿಲ್ಲ. ನಾಡನುಡಿಗಳು ದೇಶದ ಪರಂಪರೆಗೆ ಸೇರಿದವೆಂಬ ಒಂದು ಸಾಲು ಅವರ ಸಂವಿಧಾನವನ್ನು ಸೇರಿದ್ದು 2008ರಲ್ಲಿ.

ಮರದ ಚಪ್ಪಲಿಯ ಕಥೆಯನ್ನು ಉಕ್ತಲೇಖನದ ಬಿಡುವಿನಲ್ಲಿ ಹೇಳಿದಾಗ ಮಗಳು, “ನನ್ನ ಹತ್ತಿರ ಐದು ರೂಪಾಯಿ ತೆಗೆದುಕೊಂಡಿದ್ದರು” ಎಂದಳು. ಎರಡನೆಯ ತರಗತಿಯಲ್ಲಿದ್ದಾಗ, ಆಟದ ಬಯಲಿನಲ್ಲಿ ಕನ್ನಡ ಆಡಿದ್ದಕ್ಕೆ. ಇಷ್ಟು ವರ್ಷ ನಮಗೆ ಹೇಳಿರಲಿಲ್ಲ. ಅಜ್ಜಿ ಕೊಟ್ಟಿದ್ದ ಹಬ್ಬದ ಹಣದಲ್ಲಿ ಕಟ್ಟಿದ್ದಳಂತೆ. ಆ ಶಾಲೆಗೆ ಅವಳನ್ನು ಸೇರಿಸಿದವನು ನಾನು, ಕನ್ನಡದ ಅಧ್ಯಾಪಕ. ಅರ್ಜಿಗೆ ಸಹಿ ಹಾಕಿದ್ದು ನನ್ನ ಕೈ.

ಸಂಜೆ ನನ್ನ ತಾಯಿಗೆ ಮೊಮ್ಮಗಳು ಫ್ರಾನ್ಸಿನ ವಿಷಯ ಹೇಳುತ್ತಿದ್ದಳು. ನಮ್ಮ ಹಿರಿಯರ ಊರು ಪಾಂಡವಪುರ. ಹಳಬರ ಬಾಯಲ್ಲಿ ಅದು ಹಿರೋಡೆ. ಹಿಂದಿನ ಸರ್ಕಾರಿ ಕಾಗದಗಳಲ್ಲಿ ಫ್ರೆಂಚ್ ರಾಕ್ಸ್. ಹೈದರ್, ಟಿಪ್ಪುಗಳ ಕಾಲದಲ್ಲಿ ಅವರ ಕಡೆಯ ಫ್ರೆಂಚ್ ಸಿಪಾಯಿಗಳು ಅಲ್ಲಿಯ ಬಂಡೆಗಳ ಬಳಿ ಬೀಡುಬಿಟ್ಟಿದ್ದರಿಂದ ಆ ಹೆಸರು. “ನಮ್ಮೂರಿಗೆ ಬಂದಿದ್ದವರೇ ಅವರು?” ಎಂದು ತಾಯಿ ಆಶ್ಚರ್ಯಪಟ್ಟರು. ಬಂದಿದ್ದವರಲ್ಲಿ ಸಿಪಾಯಿಗಳಲ್ಲದವರೂ ಇದ್ದರು. ಶ್ರೀರಂಗಪಟ್ಟಣದ ಪಕ್ಕದ ಗಂಜಾಮಿನಲ್ಲಿ ನೆಲಸಿ, ಜನರಿಂದ ದೊಡ್ಡಸ್ವಾಮಿಯೆಂದು ಕರೆಸಿಕೊಂಡು, ಸಿಡುಬಿನ ಲಸಿಕೆ ಹಾಕಿಸಲು ಊರೂರು ಅಲೆದ ಅಬೆ ದ್ಯುಬ್ವಾ ಫ್ರೆಂಚಿನವನು. ನಮ್ಮ ನಡೆನುಡಿಗಳ ಮೇಲೆ ಅವನು ಬರೆದ ದೊಡ್ಡ ಗ್ರಂಥವನ್ನು ಒಪ್ಪುವವರಿದ್ದಾರೆ, ಜರೆಯುವವರಿದ್ದಾರೆ. ನನಗೆ ಸ್ವಾರಸ್ಯವಾಗಿ ಕಂಡದ್ದು ಅದರ ಅಚ್ಚಿನ ಚರಿತ್ರೆ. ಮೈಸೂರು ಸೀಮೆಯಲ್ಲಿ ಫ್ರೆಂಚಿನಲ್ಲಿ ಬರೆದ ಆ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ ಕೊಂಡಿತು. ಅದು 1816ರಲ್ಲಿ ಮೊದಲು ಅಚ್ಚಾದದ್ದು ಇಂಗ್ಲಿಷ್ ಭಾಷಾಂತರವಾಗಿ. ಫ್ರೆಂಚಿನಲ್ಲಿ ಬಂದದ್ದು 1825ರಲ್ಲಿ. ಫ್ರೆಂಚರಿಗೂ ನಮಗೂ ನಡುವೆ ಇಂಗ್ಲಿಷಿನ ಸುಂಕದಕಟ್ಟೆ ಆಗಲೇ ಎದ್ದಿತ್ತು.

ಅದು ಇಂದಿಗೂ ಬಿದ್ದಿಲ್ಲ. ಮೋಲಿಯೇರನ ‘ತಾರ್ತ್ಯುಫ್’ ನಾಟಕವನ್ನು ಎ. ಎನ್. ಮೂರ್ತಿರಾಯರು ‘ಆಷಾಢಭೂತಿ’ ಮಾಡಿಕೊಟ್ಟರು. ಬೋದಿಲೇರನ ಕವಿತೆಗಳನ್ನು ಪಿ. ಲಂಕೇಶರು ‘ಪಾಪದ ಹೂಗಳು’ ಮಾಡಿಕೊಟ್ಟರು. ಇಬ್ಬರಿಗೂ ಕನ್ನಡ ಋಣಿಯಾಗಿದೆ. ಇಬ್ಬರೂ ಇಂಗ್ಲಿಷಿನ ಅಧ್ಯಾಪಕರು ಎಂಬುದನ್ನು ನೆನೆಯಬೇಕು. ಅವರ ಕಾಲದಲ್ಲಿ ಫ್ರೆಂಚ್ ಬಲ್ಲ ಕನ್ನಡಿಗರು ಬೆರಳೆಣಿಕೆಯವರು. ಸುತ್ತುದಾರಿಯೇ ಇದ್ದ ದಾರಿ. ಇಂದು ಬೆಂಗಳೂರಿನಲ್ಲಿ ಪ್ರತಿ ಭಾನುವಾರವೂ ಚೀಲ ತೂಗುಹಾಕಿಕೊಂಡು ಹೊರಡುವ ಫ್ರೆಂಚ್ ವಿದ್ಯಾರ್ಥಿಗಳನ್ನು ನಾನೇ ಕಂಡಿದ್ದೇನೆ. ಅವರಲ್ಲಿ ಒಬ್ಬರಾದರೂ ಒಂದು ಸಣ್ಣ ಕಥೆಯನ್ನು ನೇರವಾಗಿ ಕನ್ನಡಕ್ಕೆ ತರಲು ನಾವು ಏನು ಏರ್ಪಾಡು ಮಾಡಿದ್ದೇವೆ?

ಕನ್ನಡವನ್ನು ಬಿಟ್ಟು ಬೇರೆ ಭಾಷೆ ತೆಗೆದುಕೊಳ್ಳುವುದನ್ನೇ ನಿಷೇಧಿಸಬೇಕೆಂಬ ಗೆಳೆಯರಿದ್ದಾರೆ. ನಾನು ಆ ಪಕ್ಷದಲ್ಲಿದ್ದವನು, ಈಗಿಲ್ಲ. ಒತ್ತಾಯದಿಂದ ತರಗತಿಯಲ್ಲಿ ಕುಳಿತವನು ಮೂರು ಕಲ್ಲುಗಳನ್ನು ಹಿಂದಕ್ಕೆ ಎಸೆಯುವುದನ್ನು ಇಪ್ಪತ್ತು ವರ್ಷ ನೋಡಿದ್ದೇನೆ. ನನಗೆ ಬೇಕಾದದ್ದು ಇಷ್ಟು. ಫ್ರೆಂಚನ್ನೋ ಜರ್ಮನನ್ನೋ ತೆಗೆದುಕೊಂಡ ವಿದ್ಯಾರ್ಥಿಯ ಪ್ರಶ್ನಪತ್ರಿಕೆಯಲ್ಲಿ, ಆ ಭಾಷೆಯ ಒಂದು ಪುಟವನ್ನು ಕನ್ನಡಕ್ಕೆ ತರುವ ಪ್ರಶ್ನೆಯೊಂದು ಇರಲಿ. ಕನ್ನಡ ಬಾರದ ಹೊರನಾಡಿನವರಿಗೆ ಬೇರೆ ಆಯ್ಕೆ ಕೊಡಿ. ಅದನ್ನು ತಿದ್ದಲು ಫ್ರೆಂಚ್ ಅಧ್ಯಾಪಕರೂ ಕನ್ನಡ ಅಧ್ಯಾಪಕರೂ ಒಂದೇ ಮೇಜಿನ ಮುಂದೆ ಕೂರಬೇಕಾಗುತ್ತದೆ. ಕುಳಿತರೆ ಮಾತು ಹುಟ್ಟುತ್ತದೆ. ನೀನು-ನೀವುಗಳಿಂದ, ತಕಾರದಿಂದ, ಚತುರ್ಥಿಯಿಂದ, ಸಂಧಿಯಿಂದ ಹೊರಡುವ ನೂರು ಪುಟದ ಒಂದು ಫ್ರೆಂಚ್ ವ್ಯಾಕರಣವನ್ನು ಕನ್ನಡದಲ್ಲಿ ಬರೆಯಲು ಅಂಥ ಇಬ್ಬರು ಸಾಕು. ಇದಕ್ಕೆ ಆಯೋಗ ಬೇಡ, ಸಮ್ಮೇಳನ ಬೇಡ. ಒಂದು ಮೇ ತಿಂಗಳ ರಜೆ ಸಾಕೆಂದು ನನ್ನ ಅಂದಾಜು. ನನಗೆ ಫ್ರೆಂಚ್ ಬಾರದು. ಬರುವವರು ಯಾರಾದರೂ ಈ ಪುಟವನ್ನು ಓದುತ್ತಿದ್ದರೆ ನನ್ನ ಅರ್ಧವನ್ನು ನಾನು ಮಾಡುತ್ತೇನೆ.

ರಾತ್ರಿ ಊಟವಾದ ಮೇಲೆ ಮನೆಗೆಲಸ. ‘ನನ್ನ ಭಾನುವಾರ’ ಎಂಬ ವಿಷಯವಾಗಿ ನೂರೈವತ್ತು ಪದಗಳ ಪ್ರಬಂಧ. ಎಂದಿನಂತೆ ಅವಳು ಮೊದಲು ಇಂಗ್ಲಿಷಿನಲ್ಲಿ ಕರಡು ಬರೆದು ಆಮೇಲೆ ತಿರುಗಿಸಲು ಹೊರಟಳು. ಎರಡು ಸಾಲಾದ ಮೇಲೆ ಅದನ್ನು ಹೊಡೆದುಹಾಕಿದ್ದನ್ನು ಕಂಡೆ, ನಾನೇನೂ ಹೇಳಿರಲಿಲ್ಲ. ನನ್ನ ತಾಯಿ ಮಲಗಲು ಹೋಗುವ ಮುನ್ನ ಬಾಗಿಲಲ್ಲಿ ನಿಂತು, “‘ಊಟ ಆಯಿತೆ’ ಎನ್ನುವುದಕ್ಕೆ ಅವರ ಮಾತಿನಲ್ಲಿ ಏನೆನ್ನುತ್ತಾರೆ?” ಎಂದು ಕೇಳಿದರು.

“ಅವರು ಹಾಗೆಲ್ಲ ಕೇಳುವುದಿಲ್ಲ ಅಜ್ಜಿ. ‘ಹೇಗಿದ್ದೀರಿ’ ಎನ್ನುತ್ತಾರೆ.”

“ಊಟ ಆಯಿತೋ ಇಲ್ಲವೋ ತಿಳಿಯದೆ, ಹೇಗಿದ್ದಾರೆಂದು ತಿಳಿಯುವುದು ಹೇಗೆ?”

ಮಗಳು ಅದನ್ನು ಹಾಗೆಯೇ ಬರೆಯಲು ತೊಡಗಿದಳು. ಯಾವ ಕಾಲ, ಯಾವ ಪ್ರತ್ಯಯ ಎಂದು ಬಹಳ ಹೊತ್ತು ನಿಘಂಟನ್ನು ತಿರುವಿದಳು. ಅಜ್ಜಿಗೆ ‘ತ್ಯು’ ಎನ್ನಬೇಕೋ ‘ವೂ’ ಎನ್ನಬೇಕೋ ಎಂಬ ಪ್ರಶ್ನೆಯೂ ಬಂತು. ಫ್ರೆಂಚ್ ಮೊಮ್ಮಕ್ಕಳು ಬಹುಮಟ್ಟಿಗೆ ‘ತ್ಯು’ ಎನ್ನುತ್ತಾರಂತೆ. ನಮ್ಮ ಮನೆಯಲ್ಲಿ ಅಜ್ಜಿ ಯಾವಾಗಲೂ ‘ನೀವು’. ‘ವೂ’ ಎಂದೇ ಬರೆದಳು. ಮುಂದಿನ ವಾರ ಅದರ ಕೆಳಗೆ ಕೆಂಪು ಗೆರೆ ಬೀಳಬಹುದು. ಹತ್ತೂವರೆಗೆ ದೀಪ ಆರಿಸಿದಳು. ನನ್ನ ಕಟ್ಟಿನಲ್ಲಿ ಇನ್ನೂ ಹದಿನೇಳು ಪತ್ರಿಕೆಗಳಿದ್ದವು.